ಖಾಲಿ ಜಾಗದ ಇತಿಹಾಸ

‘ನಮಸ್ಕಾರ,’ ಅಂತ ಶುರುವಾಗಿ, ಹೆಸರಿರಬೇಕಾದ ಕಡೆ ಏನೂ ಇಲ್ಲದ ಇಮೇಲ್ ನಿಮಗೂ ಬಂದಿರುತ್ತೆ. ಟೆಂಪ್ಲೇಟ್ ಕೇಳಿದ ವೇರಿಯಬಲ್ ಸಿಗದಿದ್ದಾಗ ಹೀಗಾಗೋದುಂಟು. ಆ ಖಾಲಿ ಜಾಗಕ್ಕೂ ಒಂದು ಇತಿಹಾಸ ಇದೆ.

ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕೆಯಲ್ಲಿ. ಎಲ್ಲರ ಕೈಗೆ ಸಿಕ್ಕಿದ್ದು 2005ರಲ್ಲಿ. ಪತ್ರಿಕೆ ಅಂದ್ಮೇಲೆ ಸುದ್ದಿ ಹೊತ್ತಿಗೆ ಸರಿಯಾಗಿ ಹೋಗಲೇಬೇಕು. ಜ್ಯಾಂಗೋ ಟೆಂಪ್ಲೇಟಿನ ನಿಯಮವೂ ಅದಕ್ಕೆ ಒಪ್ಪುವಂಥದ್ದೇ: ವೇರಿಯಬಲ್ ಸಿಗಲಿಲ್ವಾ, ಖಾಲಿ ಸ್ಟ್ರಿಂಗ್ ಹಾಕು, ಮುಂದೆ ನಡಿ. ಎಲೆಯಲ್ಲಿ ಉಪ್ಪಿನಕಾಯಿ ಇಲ್ಲ ಅಂತ ಇಡೀ ಪಂಕ್ತೀನೇ ಎಬ್ಬಿಸ್ತಾರಾ?

ಆದರೆ ಕಾಣೆಯಾಗೋದು ಯಾವಾಗಲೂ ಉಪ್ಪಿನಕಾಯಿ ಅಲ್ಲ. ಆಸ್ಪತ್ರೆಯ ಪುಟವೊಂದನ್ನು ಊಹಿಸಿಕೊಳ್ಳಿ: ರೋಗಿಗೆ ಅಲರ್ಜಿ ಇದ್ದರೆ ಅದರ ಹೆಸರು ತೋರಿಸು, ಇಲ್ಲದಿದ್ದರೆ ‘ಅಲರ್ಜಿ ಇಲ್ಲ’ ಅಂತ ಬರಿ. ವೇರಿಯಬಲ್ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಸಾಕು, ಎಲ್ಲ ರೋಗಿಗಳಿಗೂ ‘ಅಲರ್ಜಿ ಇಲ್ಲ’! ಖಾಲಿ ಜಾಗವಾದರೆ ಕಣ್ಣಿಗಾದರೂ ಬೀಳುತ್ತೆ. ಇದು ನೀಟಾಗಿ ಅಚ್ಚಾದ ಸುಳ್ಳು.

2008ರಲ್ಲಿ ಬಂದ ಆರ್ಮಿನ್ ರೋನಾಕರ್ ಅವರ ಜಿಂಜಾ2 ಆಯ್ಕೆಯನ್ನು ನಮಗೇ ಬಿಟ್ಟಿತು. ಸುಮ್ಮನೆ ಖಾಲಿ ಬಿಡಬಹುದು, ಸಿಗದ ವೇರಿಯಬಲ್‌ನ ಹೆಸರನ್ನೇ ಪುಟದಲ್ಲಿ ತೋರಿಸಬಹುದು, ಇಲ್ಲವೇ ‘ಸ್ಟ್ರಿಕ್ಟ್’ ಇಟ್ಟು ಎರರ್ ಎಸೆಯಬಹುದು. 2015ರಲ್ಲಿ ಎರಡೂ ಕಡೆ ನಡುದಾರಿ ಬಂತು: ಪುಟ ನಿಲ್ಲಿಸಬೇಡ, ಲಾಗ್‌ನಲ್ಲಿ ಬರೆದಿಡು. ಜಿಂಜಾ 2.8 ಮತ್ತು ಜ್ಯಾಂಗೋ 1.9 ಇದಕ್ಕೆ ವ್ಯವಸ್ಥೆ ಮಾಡಿದವು.

ಆದರೆ ಜ್ಯಾಂಗೋ ಇದನ್ನು ಬರೆಯೋದು ಡಿಬಗ್ ಮಟ್ಟದಲ್ಲಿ. ಪ್ರೊಡಕ್ಷನ್‌ನಲ್ಲಿ ಅದನ್ನು ಸಾಮಾನ್ಯವಾಗಿ ಯಾರೂ ಆನ್ ಮಾಡಿರಲ್ಲ. ಆನ್ ಮಾಡಿದರೆ ಲಾಗ್ ತುಂಬಾ ಗದ್ದಲ. ಯಾಕಂದ್ರೆ ಜ್ಯಾಂಗೋದ್ದೇ ಕೆಲವು ಟೆಂಪ್ಲೇಟುಗಳು ಆ ಮೌನವನ್ನು ನಂಬಿಕೊಂಡಿವೆ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಹಾಗೆ. ಒಮ್ಮೆ ಸುಮ್ಮನಿದ್ದರೆ ಜನ ಅದರ ಮೇಲೇ ಮನೆ ಕಟ್ತಾರೆ. ಆಮೇಲೆ ಬಾಯಿ ತೆರೆಯೋದು ಕಷ್ಟ. ಪಿಎಚ್‌ಪಿ ಕೂಡ ಇಂಥ ವೇರಿಯಬಲ್‌ಗಳನ್ನು ‘ನೋಟಿಸ್’ನಿಂದ ‘ವಾರ್ನಿಂಗ್’ಗೆ ಏರಿಸಿದ್ದು 2020ರಲ್ಲಿ, ಎಂಟನೇ ಆವೃತ್ತಿಯಲ್ಲಿ.

ಹಾಗಾಗಿ ಹೊಸ ಪ್ರಾಜೆಕ್ಟಿಗೆ ಮೊದಲ ದಿನವೇ ನಿಯಮ ಹಾಕ್ಕೊಳ್ಳಿ. ಟೆಸ್ಟ್‌ನಲ್ಲಿ ಸ್ಟ್ರಿಕ್ಟ್ ಇರಲಿ. ಇದ್ದರೂ ಆಯ್ತು ಬಿಟ್ಟರೂ ಆಯ್ತು ಅನ್ನೋ ವೇರಿಯಬಲ್‌ಗೆ ಡೀಫಾಲ್ಟ್ ಬರೆದೇ ಹೇಳಿ. ಪ್ರೊಡಕ್ಷನ್‌ನಲ್ಲಿ ಸಣ್ಣಪುಟ್ಟದ್ದಕ್ಕೆ ಪುಟ ನಿಲ್ಲೋದು ಬೇಡ. ಟೆಂಪ್ಲೇಟ್ ಯಾವುದು, ವೇರಿಯಬಲ್ ಯಾವುದು ಅಂತ ವಾರ್ನಿಂಗ್ ಬೀಳಲಿ. ಅಲರ್ಜಿಯಂಥ ವಿಷಯವಾದರೆ ಮಾತ್ರ ಪುಟ ನಿಂತರೂ ಪರವಾಗಿಲ್ಲ. ಗೊತ್ತಿಲ್ಲದ್ದನ್ನು ‘ಇಲ್ಲ’ ಅಂತ ಹೇಳೋದಕ್ಕಿಂತ ಅದೇ ವಾಸಿ.