ಗೋದಲಿಯ ಬೆರಗು

ಹಬ್ಬ ಮಾಡುವ ಹೆಂಗಸಿಗೆ ಹಬ್ಬದ ಬೆರಗು ಉಳಿಯುವುದು ಕಷ್ಟ. ಈ ಮಾತು ಗೌರಿಗೂ ಸರಿ, ಯುಗಾದಿಗೂ ಸರಿ, ನಮ್ಮ ಕ್ರಿಸ್‌ಮಸ್ಸಿಗೂ ಸರಿ. ಡಿಸೆಂಬರ್ ಬಂತೆಂದರೆ ಮೈದಾ, ಸಕ್ಕರೆ, ಎಣ್ಣೆಯ ಲೆಕ್ಕ. ಕಲಕಲ ಕರಿಯಬೇಕು, ಕಜ್ಜಾಯಕ್ಕೆ ಅಕ್ಕಿ ನೆನೆಹಾಕಬೇಕು, ಗೋದಲಿಗೆ ಹಸಿರು ಬೇಕೆಂದು ತಟ್ಟೆಯಲ್ಲಿ ರಾಗಿ ಚೆಲ್ಲಿ ದಿನಾ ನೀರು ಚಿಮುಕಿಸಬೇಕು. ನಡುರಾತ್ರಿಯ ಬಲಿಪೂಜೆಯಲ್ಲಿ ಕೂತಾಗ ಕಣ್ಣು ಎಳೆಯುತ್ತದೆ. ದೇವರು ಮಗುವಾಗಿ ಬಂದನೆಂಬ ಅಷ್ಟು ದೊಡ್ಡ ಮಾತು, ಒಲೆ ಆರಿಸಿದೆನೋ ಇಲ್ಲವೋ ಎಂಬ ಚಿಂತೆಯ ಹಿಂದೆ ಅಡಗಿಬಿಡುತ್ತದೆ.

ಬೆರಗು ಹೀಗೆ ಸವೆಯುವುದು ಇಂದಿನ ಕತೆಯಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಅದಕ್ಕೊಂದು ಮದ್ದು ಮಾಡಿದ. ಮಗು ಪಟ್ಟ ಕಷ್ಟವನ್ನು ಕಿವಿಯಿಂದ ಕೇಳಿದರೆ ಸಾಲದು, ಕಣ್ಣಾರೆ ನೋಡಬೇಕು ಎಂದು ಹುಲ್ಲು ತುಂಬಿದ ಗೋದಲಿ ಇಡಿಸಿದ. ನಿಜವಾದ ಎತ್ತು, ಕತ್ತೆಗಳನ್ನು ಕರೆಸಿದ. ಊರ ಜನ ಪಂಜು ಹಿಡಿದು ಬಂದರು. ಲೂಕನ ಶುಭಸಂದೇಶದಲ್ಲಿ ಗೋದಲಿಯ ಮಾತುಂಟು, ಎತ್ತು ಕತ್ತೆಗಳ ಮಾತಿಲ್ಲ. ಅವು ಹಿಂದಿನವರ ಭಕ್ತಿಯಿಂದ ಬಂದು ಸೇರಿದವು.

ಅದೇ ಕಾಲಕ್ಕೆ ನಮ್ಮ ಅರಸೀಕೆರೆಯಲ್ಲಿ ಏನು ನಡೆದಿತ್ತು ಗೊತ್ತೆ? ಸುಮಾರು 1220ರಲ್ಲಿ ಹೊಯ್ಸಳರ ಕಾಲದ ಶಿವಾಲಯ ಎದ್ದು ನಿಂತಿತ್ತು. ಅದರ ಮುಂದಿನ ತೆರೆದ ಮಂಟಪಕ್ಕೆ 16 ಮೂಲೆಗಳ ನಕ್ಷತ್ರದ ಆಕಾರ. ಗ್ರೆಚ್ಚೊಗೂ ಅರಸೀಕೆರೆಗೂ ಯಾವ ಸಂಬಂಧವೂ ಇಲ್ಲ. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿದಿರಲಾರದು. ಆದರೂ ನಮ್ಮ ಮನೆ ಬಾಗಿಲಿಗೆ ಬಿದಿರುಕಡ್ಡಿಯ ನಕ್ಷತ್ರ ಕಟ್ಟುವಾಗಲೆಲ್ಲ ನನಗೆ ಆ ಕಲ್ಲಿನ ನಕ್ಷತ್ರದ ನೆನಪು ಬರುತ್ತದೆ. ದೊಡ್ಡದೊಂದರ ಮುಂದೆ ತಲೆಬಾಗುವ ಮನುಷ್ಯನಿಗೆ ಎಲ್ಲಿದ್ದರೂ ಆಕಾಶವೇ ನೆನಪಾಗುತ್ತದೆ ಅನ್ನಿಸುತ್ತದೆ.

ಬೇಲೂರಿನ ಚೆನ್ನಕೇಶವ 1117ರವನು. ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನ ಹೊಯ್ಸಳೇಶ್ವರ ಅವನಿಗಿಂತ ಸ್ವಲ್ಪ ಕಿರಿಯ. 2023ರಲ್ಲಿ ಸೋಮನಾಥಪುರದ ಜೊತೆ ಇವೆರಡೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳ ಶಿಲ್ಪಿಗಳು ಹಿಡಿದ ಬಳಪದ ಕಲ್ಲಿನ ಗುಣ ಕೇಳಿ: ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಒಡ್ಡಿದಂತೆ ಗಟ್ಟಿ. ಮೆತ್ತಗಿದ್ದಾಗ ಕೊರೆದ ಬಳೆ, ಸರ, ಮುಂಗುರುಳು ಒಂಬೈನೂರು ವರ್ಷದ ಮೇಲೂ ಹಾಗೇ ಇವೆ. ನಮ್ಮ ಮನಸ್ಸೂ ಹಾಗೆಯೇ ಅಲ್ಲವೆ? ಎಳವೆಯಲ್ಲಿ ಗೋದಲಿಯ ಮುಂದೆ ಕೂತು ಬಾಯಿಬಿಟ್ಟು ನೋಡಿದ್ದು ಒಳಗೆಲ್ಲೋ ಕೆತ್ತಿರುತ್ತದೆ. ಮೇಲೆ ಕೂತ ಸಂಸಾರದ ಧೂಳನ್ನು ಒರೆಸಬೇಕು, ಅಷ್ಟೆ.

ನನ್ನ ಮಟ್ಟಿಗೆ ಆ ಧೂಳು ಒರೆಸಿದ್ದು ಶೆಟ್ಟಿಹಳ್ಳಿ. ಹಾಸನದ ಹತ್ತಿರದ ಈ ಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಜಪಮಾಲೆ ಮಾತೆಯ ದೇವಾಲಯ ಕಟ್ಟಿದರು. ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಅದು ಮುಗಿಯಿತು. ಹೊಲಗಳಿಗೆ ನೀರು ಸಿಕ್ಕಿತು, ಶೆಟ್ಟಿಹಳ್ಳಿಯಂಥ ಊರುಗಳು ನೀರಿಗೆ ಸಿಕ್ಕವು. ಜನ ಬೇರೆ ಕಡೆ ಹೋಗಿ ನೆಲೆಸಿದರು, ದೇವಾಲಯ ಅಲ್ಲೇ ಉಳಿಯಿತು. ಮಳೆ ಹೆಚ್ಚಾದರೆ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ನೆಲ ಕಾಣುತ್ತದೆ. ಮಾಡಿಲ್ಲ, ಗಂಟೆಯಿಲ್ಲ, ಪೂಜೆಯಿಲ್ಲ. ಪ್ರವಾಸಿಗಳಿಗೆ ಅದು ಫೋಟೋ ತೆಗೆಯುವ ಜಾಗ. ಮನೆ ಬಿಟ್ಟು ಎದ್ದು ಹೋದ ಹೆಂಗಸರಿಗೆ ಅದು ಮದುವೆಯಾದ ಜಾಗ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿದ ಜಾಗ.

ಆ ಬರಿಗೋಡೆಗಳ ನಡುವೆ ನಿಂತಾಗ ಮರಿಯಮ್ಮನವರ ಕತೆ ನನಗೆ ಹೊಸದಾಗಿ ಕೇಳಿಸಿತು. ಅವರೂ ಸರ್ಕಾರದ ಅಪ್ಪಣೆಯಿಂದಲೇ ಊರು ಬಿಟ್ಟವರು. ಜನಗಣತಿಗೆ ಹೆಸರು ಬರೆಸಲು ತುಂಬು ಬಸುರಿ ನಜರೇತಿನಿಂದ ಬೆತ್ಲೆಹೇಮಿಗೆ ಹೋದರು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರುಮನೆ ಕಾದಿರುತ್ತದೆ. ಬಾಣಂತಿಗೆ ಬಿಸಿನೀರು, ಕಷಾಯ, ಸಾಂಬ್ರಾಣಿಯ ಹೊಗೆ, ಕಿವಿಗೆ ಸುತ್ತಲು ಬಟ್ಟೆ. ಆ ತಾಯಿಗೆ ತವರೂ ಹತ್ತಿರವಿರಲಿಲ್ಲ, ಛತ್ರದಲ್ಲಿ ಜಾಗವೂ ಸಿಗಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ದನ ಮೇಯುವ ಗೋದಲಿಯಲ್ಲಿ ಮಲಗಿಸಿದರು. ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಕುರಿ ಕಾಯುತ್ತಿದ್ದವರಿಗೆ.

ಹಾಳೂರಿನಲ್ಲಿ, ಮನೆ ಕಳೆದುಕೊಂಡವರ ನಡುವೆ, ಬಾಣಂತಿಕೋಣೆಯಿಲ್ಲದ ಕಡೆ ದೇವರು ಹುಟ್ಟಿ ಬರುವನೆಂದರೆ ಅದಕ್ಕಿಂತ ಬೆರಗು ಯಾವುದು? ಗುಡಿ ಎಷ್ಟು ಎತ್ತರವಿದ್ದರೂ, ಕೆತ್ತನೆ ಎಷ್ಟು ನಯವಾದರೂ ಈ ಬೆರಗನ್ನು ಮೀರಿಸಲಾರದು. ಹೆತ್ತವರಿಗೆ, ಬಾಣಂತನ ಮಾಡಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಬ್ಬದ ಕೆಲಸ ಕಡಿಮೆಯಾಗುವುದಿಲ್ಲ, ಆಗಬೇಕೆಂದೂ ನಾನು ಹೇಳುವುದಿಲ್ಲ. ಬಾಣಲೆ ಇಳಿಸಿದ ಮೇಲೆ, ಮನೆಮಂದಿ ಹೊಸ ಬಟ್ಟೆ ಹುಡುಕುತ್ತಿರುವಾಗ, ಗೋದಲಿಯ ಮುಂದೆ ಒಂದು ಗಳಿಗೆ ಸುಮ್ಮನೆ ಕೂತು ನೋಡಿ. ರಾಗಿಯ ಪೈರು ಅಷ್ಟು ಹೊತ್ತಿಗೆ ಬೆರಳುದ್ದ ಬೆಳೆದಿರುತ್ತದೆ.