ಪಿಂಜಾರರ ಬಿಲ್ಲು, ನಮ್ಮ ಹಾಸಿಗೆ

ಮೊನ್ನೆ ಮಳೆಗಾಲ ಮುಗಿಸಿಕೊಂಡು ಉಡುಪಿ ಕಡೆಯ ನಮ್ಮೂರ ಮನೆಗೆ ಹೋದೆ. ಫೋಮ್ ಹಾಸಿಗೆ ಎತ್ತಿ ನೋಡಿದರೆ ಅಡಿಯೆಲ್ಲ ಕಪ್ಪು ಬೂಷ್ಟು! ಒರೆಸುತ್ತಾ ಕೂತಾಗ ನೆನಪಾದದ್ದು ಪಿಂಜಾರರು.

ಹತ್ತಿ ಹಾಸಿಗೆಯ ಕಾಲದಲ್ಲಿ ಅವರು ಹೆಗಲ ಮೇಲೆ ಉದ್ದನೆಯ ಬಿಲ್ಲು ಹೊತ್ತು ಊರೂರು ತಿರುಗುತ್ತಿದ್ದರು. ತೇವ ಹೀರಿ ಗಂಟುಕಟ್ಟಿದ ಹತ್ತಿಯನ್ನು ಹೊರಗೆ ತೆಗೆದು, ಒಣಗಿಸಿ, ಬಿಲ್ಲಿನ ಹೆದೆಯನ್ನು ಮೀಟಿ ಹಿಂಜುತ್ತಿದ್ದರು. ಧೂಳು ಹಾರಿ ಹತ್ತಿ ಅರಳುತ್ತಿತ್ತು. ಒಗೆದ ಗವಸಿಗೆ ತುಂಬಿ ಹೊಲಿದರೆ ಹಳೆಯದೇ ಹೊಸದು.

ಅವರ ಬಿಲ್ಲನ್ನು ಮೂಲೆಗೆ ಸೇರಿಸಿದ ಫೋಮ್ ಶುರುವಾದದ್ದು ದೂರದ ಇಂಗ್ಲೆಂಡಿನಲ್ಲಿ. 1929ರಲ್ಲಿ ಡನ್‌ಲಪ್ ಕಂಪನಿಯವರು ರಬ್ಬರ್ ಹಾಲನ್ನು ನೊರೆ ಬರಿಸಿ ಗಟ್ಟಿ ಮಾಡುವುದನ್ನು ಕಂಡುಕೊಂಡರು. ಮುಂದೆ ಫೋಮು, ತೆಂಗಿನ ನಾರಿನ ಹಾಸಿಗೆ ನಮ್ಮಲ್ಲಿಗೂ ಬಂದವು. ಹಿಂಜುವ ಕೆಲಸ ಕಡಿಮೆಯಾಯಿತು. ಆದರೆ ತೇವ ಎಲ್ಲಿಗೆ ಹೋದೀತು?

1964ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ವೋರ್‌ಹಾರ್ಸ್ಟ್ ಮತ್ತು ಸಂಗಡಿಗರು ಮನೆಧೂಳಿನ ಅಲರ್ಜಿಗೆ ಕಾರಣ ಒಂದು ಪುಟಾಣಿ ನುಸಿ ಎಂದು ತೋರಿಸಿದರು. ಅದು ಗಾಳಿಯ ತೇವ ಹೀರಿಯೇ ಬದುಕುವ ಜೀವಿ. ತೇವಾಂಶ ಬಹುದಿನ ಶೇ. 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಅಂದರೆ ಅಜ್ಜಿ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಎಳೆಯುತ್ತಿದ್ದದ್ದು ಸುಮ್ಮನೆ ಅಲ್ಲ!

ಈಗ ನಾನೂ ಹಾಸಿಗೆಯ ಅಡಿಗೆ ಗಾಳಿಯಾಡಲು ಬಿಡುತ್ತೇನೆ. ಹೊದಿಕೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುತ್ತೇನೆ. ಫೋಮನ್ನು ಸುಡುಬಿಸಿಲಿಗೆ ಹಾಕುವಂತಿಲ್ಲ, ಹತ್ತಿಯಂತೆ ಬಿಚ್ಚಿ ಹಿಂಜುವಂತೆಯೂ ಇಲ್ಲ. ಒಳಗೆ ಬೂಷ್ಟು ಹಿಡಿದರೆ ಎಸೆಯುವುದೇ ದಾರಿ. ಹಾಸಿಗೆ ಮೆತ್ತಗಾಯಿತು, ನಿಜ... ಅದನ್ನು ರಿಪೇರಿ ಮಾಡುವ ಕೈಗಳನ್ನು ಮಾತ್ರ ಕಳೆದುಕೊಂಡೆವು.

ನಿಮ್ಮೂರಲ್ಲಿ ಆ ಬಿಲ್ಲಿನ ಸದ್ದು ಕೊನೆಯ ಸಲ ಕೇಳಿದ್ದು ಯಾವಾಗ?