ಬೆಕ್ಕುಗಣ್ಣಿನ ಹಾವಿನ ಜಾತಿನಿರ್ಣಯ

ಸುಶ್ರುತಸಂಹಿತೆಯ ಕಲ್ಪಸ್ಥಾನವು 80 ಬಗೆಯ ಸರ್ಪಗಳನ್ನು ದರ್ವೀಕರ, ಮಂಡಲಿ, ರಾಜಿಮಂತ, ನಿರ್ವಿಷ, ವೈಕರಂಜಗಳೆಂದು ಐದಾಗಿ ವಿಭಾಗಿಸಿರುವುದು ವಾಚಕರಿಗೆ ವಿದಿತವಷ್ಟೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೆಕ್ಕುಗಣ್ಣಿನ ಹಾವು ಇವುಗಳಲ್ಲಿ ಸುಲಭವಾಗಿ ಅಡಕವಾಗದು. ಇದಕ್ಕೆ ವಿಷವುಂಟು, ಆದರೆ ವಿಷದಂತಗಳು ಬಾಯಿಯ ಹಿಂಭಾಗದಲ್ಲಿವೆ, ವಿಷವೂ ಸೌಮ್ಯ, ಓತಿಕೇತಕ್ಕೆ ಮಾರಕ, ಮನುಷ್ಯನಿಗಲ್ಲ. ಮಂದವಿಷವೆನ್ನುವುದೇ ಯುಕ್ತ.

ಪ್ಯಾಟ್ರಿಕ್ ರಸೆಲನು ಕೋರಮಂಡಲ ತೀರದ ಸರ್ಪಗಳನ್ನು ಕುರಿತು 1796ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಚಿತ್ರವಿದೆ. 1802ರಲ್ಲಿ ಷ್ನೈಡರನು ಇದಕ್ಕೆ ತ್ರಿಕೋಣಾರ್ಥಕವಾದ ನಾಮವನ್ನಿಟ್ಟನು.

ಅಗಲವಾದ ತಲೆಯನ್ನೂ ಬೆನ್ನಿನ ಅಂಕುಡೊಂಕು ಗುರುತುಗಳನ್ನೂ ಕಂಡು ಜನರು ಇದನ್ನು ಗರಗಸಮಂಡಲವೆಂದು ಭ್ರಮಿಸಿ ಕೊಲ್ಲುತ್ತಾರೆ. ಇರುಳಿನಲ್ಲಿ ಸಂಚರಿಸುವ ಇವೆರಡರ ಕಣ್ಣಿನ ಪಾಪೆಯೂ ನೆಟ್ಟನೆಯ ಸೀಳಿನಂತಿರುವುದರಿಂದ, ಹೆಸರು ಕೊಟ್ಟ ಕಣ್ಣೇ ಇಲ್ಲಿ ಸಾಕ್ಷಿಯಾಗಲಾರದು! ಮಂಡಲದ ಹುರುಪೆ ಒರಟು, ಮೈ ಗಿಡ್ಡ. ಕೆರಳಿದಾಗ ಮೈಯುಜ್ಜಿ ಸದ್ದುಮಾಡುವುದು. ಇದರ ಮೈಯಾದರೋ ನುಣುಪು, ತೆಳ್ಳಗೆ ನೀಳ. ಆದರೂ ಕಚ್ಚಿದ್ದು ಯಾವುದೆಂಬ ಸಂದೇಹವಿದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.